ಪೋಷಕರಿಗೆ ಪತ್ರ: ‘ಆಲಿವರ್ ಕ್ರಾಮ್‌ವೆಲ್’ ಉಗಿ ಎಂಜಿನ್ ಓಡಿದ ಹಳಿಯ ಮೇಲೆ ಮಕ್ಕಳ ಪ್ರವಾಸ

ಮಾನ್ಯ ಪೋಷಕರೇ,

ನಮಸ್ಕಾರ. ನಮ್ಮ ಕನ್ನಡ ಶಾಲೆಯ ಹಿರಿಯ ಗುಂಪಿನ ಮಕ್ಕಳನ್ನು ಈ ಅವಧಿಯ ಕೊನೆಯ ಶನಿವಾರ ಲೀಡ್ಸ್‌ನಿಂದ ಸೆಟಲ್–ಕಾರ್ಲೈಲ್ ಮಾರ್ಗದಲ್ಲಿ ಆ್ಯಪಲ್‌ಬಿಯವರೆಗೆ ಕರೆದುಕೊಂಡು ಹೋಗುತ್ತಿದ್ದೇವೆ. ನಾವು ಹತ್ತುವುದು ದಿನನಿತ್ಯದ ಡೀಸೆಲ್ ರೈಲು. ಉಗಿಬಂಡಿಯಲ್ಲೇ ಕೂರುತ್ತೇವೆಂದು ಕೆಲವು ಮಕ್ಕಳು ಈಗಾಗಲೇ ಸಂಭ್ರಮ ಪಡುತ್ತಿದ್ದಾರೆ. ಹಾಗಲ್ಲ ಎಂಬುದನ್ನು ದಯವಿಟ್ಟು ಮನೆಯಲ್ಲೇ ಹೇಳಿ ಕಳಿಸಿ.

ಈ ಹಾದಿಯನ್ನೇ ಆರಿಸಿದ್ದಕ್ಕೆ ಕಾರಣ 1968ರ ಆಗಸ್ಟ್ 11. ಬ್ರಿಟಿಷ್ ರೈಲ್ವೆ ತನ್ನ ಮುಖ್ಯ ಮಾರ್ಗದಲ್ಲಿ ಕೊನೆಯದೆಂದು ಸಾರಿ ಉಗಿ ಎಂಜಿನ್ ಹೂಡಿ ಪ್ರಯಾಣಿಕರ ವಿಶೇಷ ರೈಲನ್ನು ಓಡಿಸಿದ್ದು ಅಂದು. ಟಿಕೆಟ್ಟಿಗೆ 15 ಗಿನಿ, ಅಂದರೆ 15 ಪೌಂಡ್ 15 ಶಿಲ್ಲಿಂಗ್. ಆ ಕಾಲಕ್ಕೆ ಅದು ಬಹಳ ದುಬಾರಿ. ಲಿವರ್‌ಪೂಲ್‌ನಿಂದ ಮ್ಯಾಂಚೆಸ್ಟರ್‌ವರೆಗೆ 45110 ಸಂಖ್ಯೆಯ ಎಂಜಿನ್ ಎಳೆಯಿತು. ಮ್ಯಾಂಚೆಸ್ಟರ್‌ನಿಂದ ಬೆಟ್ಟ ಹತ್ತಿ ಕಾರ್ಲೈಲ್‌ಗೆ ಒಯ್ದದ್ದು 70013, ‘ಆಲಿವರ್ ಕ್ರಾಮ್‌ವೆಲ್’. ವಾಪಸು ಬರುವಾಗ ಬೇರೆ ಎರಡು ಎಂಜಿನ್‌ಗಳನ್ನು ಜೋಡಿಯಾಗಿ ಹೂಡಿದರು. ಮರುದಿನದಿಂದಲೇ ಮುಖ್ಯ ಮಾರ್ಗಗಳಲ್ಲಿ ಉಗಿ ಎಂಜಿನ್‌ಗೆ ನಿಷೇಧ. ಮೊದಲೇ ಖಾಸಗಿ ಒಪ್ಪಂದವಿದ್ದ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಒಂದಕ್ಕೆ ಮಾತ್ರ ವಿನಾಯಿತಿ ಸಿಕ್ಕಿತು.

ಮಕ್ಕಳಿಗೆ ಮುಖ್ಯವಾಗಿ ತಿಳಿಸಬೇಕಾದ್ದು ಒಂದೇ. 70013 ಅಂದು ಕೆಲಸಕ್ಕೆ ಬಾರದ ಎಂಜಿನ್ ಆಗಿರಲಿಲ್ಲ. 1951ರಲ್ಲಿ ಕ್ರೂ ಊರಿನ ಕಾರ್ಖಾನೆಯಲ್ಲಿ ತಯಾರಾದ ಅದಕ್ಕೆ ಆಗ ಹದಿನೇಳೇ ವರ್ಷ. ಎಂಜಿನಿಯರ್ ರಾಬರ್ಟ್ ರಿಡಲ್ಸ್ ಅವರ ಹೊಣೆಯಲ್ಲಿ ರೂಪುಗೊಂಡ 55 ‘ಬ್ರಿಟಾನಿಯಾ’ ಎಂಜಿನ್‌ಗಳಲ್ಲಿ ಅದೂ ಒಂದು. 1967ರ ಫೆಬ್ರವರಿಯಲ್ಲಿ ಅದೇ ಕ್ರೂನಲ್ಲಿ ಪೂರ್ತಿ ಬಿಚ್ಚಿ ದುರಸ್ತಿಯಾಗಿ ಹೊರಬಂದಿತ್ತು. ಬ್ರಿಟಿಷ್ ರೈಲ್ವೆ ಹಾಗೆ ದುರಸ್ತಿ ಮಾಡಿದ ಕೊನೆಯ ಉಗಿ ಎಂಜಿನ್ ಅದು. ಎಳೆಯುವ ಶಕ್ತಿ ಇದ್ದಾಗಲೇ, ಡೀಸೆಲ್ಲಿಗೆ ಹೋಗುವ ತೀರ್ಮಾನದಂತೆ ಅದನ್ನು ನಿಲ್ಲಿಸಿದರು. 1968ರ ಆ ಆಗಸ್ಟ್ 11ರ ರಾತ್ರಿಯೇ ಅದು ಒಂಟಿಯಾಗಿ ನಾರ್ಫೋಕ್ ಕಡೆಗೆ ಹೊರಟು ಬ್ರೆಸಿಂಗ್‌ಹ್ಯಾಮ್ ಸಂಗ್ರಹಾಲಯ ಸೇರಿತು. 2008ರಲ್ಲಿ ಮತ್ತೆ ಮುಖ್ಯ ಮಾರ್ಗಕ್ಕೆ ಬಂದು ಹತ್ತು ವರ್ಷ ವಿಶೇಷ ರೈಲುಗಳನ್ನು ಎಳೆಯಿತು. 2018ರಲ್ಲಿ ಎರಡನೆಯ ಸಲ ನಿಂತದ್ದಕ್ಕೆ ಕಾರಣ ಬೇರೆ: ಬಾಯ್ಲರ್‌ನ ಅವಧಿ. ಅದನ್ನು ಮುಂದೆ ವಿವರಿಸಿದ್ದೇನೆ.

ಪ್ರವಾಸಕ್ಕೆ ಮೊದಲು ತರಗತಿಯಲ್ಲಿ ಒಂದು ಲೆಕ್ಕ ಮಾಡಿಸುತ್ತೇವೆ. ಈ ಎಂಜಿನ್‌ನ ಟೆಂಡರ್‌ನಲ್ಲಿ, ಅಂದರೆ ಹಿಂದೆ ಜೋಡಿಸಿದ ಕಲ್ಲಿದ್ದಲು-ನೀರಿನ ಬಂಡಿಯಲ್ಲಿ, 7 ಟನ್ ಕಲ್ಲಿದ್ದಲು, 4,250 ಗ್ಯಾಲನ್ ನೀರು ಹಿಡಿಸುತ್ತದೆ. ನೀರು ನಮ್ಮ ಲೆಕ್ಕದಲ್ಲಿ 19,000 ಲೀಟರಿಗೂ ಮೇಲಾಯಿತು. ಭಾರದ ರೈಲಿಗೆ ಮೈಲಿಗೆ 45 ಗ್ಯಾಲನ್ ನೀರು, 50 ಪೌಂಡ್ ಕಲ್ಲಿದ್ದಲು ಎಂದಿಟ್ಟುಕೊಂಡರೆ ಕಲ್ಲಿದ್ದಲು 300 ಮೈಲಿ ದಾಟಿಸುತ್ತದೆ, ನೀರು 95 ಮೈಲಿ ಮುಟ್ಟುವ ಮುಂಚೆಯೇ ಬರಿದು. ಮ್ಯಾಂಚೆಸ್ಟರ್‌ನಿಂದ ಕಾರ್ಲೈಲ್‌ಗೆ ಈ ಹಾದಿಯಲ್ಲಿ ಸುಮಾರು 120 ಮೈಲಿ. ಹೀಗಾಗಿ ಉಗಿಬಂಡಿಯ ವೇಳಾಪಟ್ಟಿ ಬರೆಯುವವರು ಮೊದಲು ನೋಡುವುದು ನೀರೆಲ್ಲಿ ಸಿಗುತ್ತದೆ ಎಂದು. ಇಂದಿನ ವಿಶೇಷ ರೈಲುಗಳು ನೀರು ಹಿಡಿಯುವ ಒಂದು ಜಾಗ ಆ್ಯಪಲ್‌ಬಿ; ಅಲ್ಲಿಯ ನೀರಿನ ತೊಟ್ಟಿಯನ್ನು ಮಕ್ಕಳು ಹತ್ತಿರದಿಂದ ನೋಡಲಿದ್ದಾರೆ.

ಸೆಟಲ್ ಜಂಕ್ಷನ್ ದಾಟಿದ ಮೇಲೆ ಏರು ಶುರು. ಹದಿನಾಲ್ಕು ಹದಿನೈದು ಮೈಲಿಯಷ್ಟು ಉದ್ದಕ್ಕೂ ಹೆಚ್ಚಿನ ಕಡೆ ನೂರಕ್ಕೆ ಒಂದರ ಏರು. ಕೇಳಲು ಸಣ್ಣದೆನಿಸುತ್ತದೆ, ಆದರೆ 23 ಮೀಟರ್ ಉದ್ದದ ಬೋಗಿಯ ಮುಂದಿನ ತುದಿ ಹಿಂದಿನದಕ್ಕಿಂತ 23 ಸೆಂಟಿಮೀಟರ್ ಮೇಲಿರುತ್ತದೆ. ಇಂಥ ಏರಿನಲ್ಲಿ ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್‌ಗೆ ಬಿಡುವೇ ಇಲ್ಲ. ಒಂದೇ ಸಲ ಹತ್ತಾರು ಸಲಿಕೆ ಸುರಿದರೆ ಬೆಂಕಿ ಮಂಕಾಗಿ ಕಪ್ಪು ಹೊಗೆ ಬಂದು ಒತ್ತಡ ಬೀಳುತ್ತದೆ. ಸ್ವಲ್ಪ ಸ್ವಲ್ಪವೇ, ಮೇಲಿಂದ ಮೇಲೆ, ಬೆಂಕಿ ತೆಳುವಾಗಿ ಬೆಳ್ಳಗೆ ಉರಿಯುವ ಜಾಗ ನೋಡಿ ಹಾಕಬೇಕು. ಬಾಯ್ಲರ್ ಒತ್ತಡ ಚದರ ಅಂಗುಲಕ್ಕೆ 250 ಪೌಂಡ್ ಆಸುಪಾಸಿನಲ್ಲೇ ನಿಲ್ಲಬೇಕು.

ರಿಬಲ್‌ಹೆಡ್‌ನಲ್ಲಿ ನಾವು ಇಳಿಯುತ್ತೇವೆ. 24 ಕಮಾನು, 400 ಮೀಟರ್ ಉದ್ದ, 32 ಮೀಟರ್ ಎತ್ತರದ ಸೇತುವೆ. ಅದರಾಚೆ 2,629 ಗಜದ ಬ್ಲೇ ಮೂರ್ ಸುರಂಗ. ಉಗಿ ಎಂಜಿನ್ ಸುರಂಗಕ್ಕೆ ನುಗ್ಗುವ ಮುಂಚೆ ಫೈರ್‌ಮನ್ ಬ್ಲೋವರ್ ತೆರೆದಿರಬೇಕು. ಇಕ್ಕಟ್ಟಿನಲ್ಲಿ ಗಾಳಿಯ ಒತ್ತಡ ಚಿಮಣಿಯ ಸೆಳೆತವನ್ನು ತಡೆದರೆ ಜ್ವಾಲೆ ಹಿಮ್ಮುಖವಾಗಿ ಬೆಂಕಿಬಾಗಿಲಿನಿಂದ ಕ್ಯಾಬಿನ್ನಿಗೆ ನುಗ್ಗುತ್ತದೆ. ಬ್ಲೋವರ್ ಎಂದರೆ ಚಿಮಣಿಯ ಬುಡದಲ್ಲಿ ಮೇಲ್ಮುಖವಾಗಿ ಉಗಿ ಚಿಮ್ಮಿಸಿ ಸೆಳೆತ ಉಳಿಸುವ ಕೊಳವೆ. ಸುರಂಗದೊಳಗೆ ನೀರು ಜಿನುಗಿ ಹಳಿ ಒದ್ದೆಯಾಗಿರುವುದರಿಂದ ಚಕ್ರ ಜಾರುವುದೂ ಉಂಟು. ಜಾರಿದ ಕೂಡಲೇ ಡ್ರೈವರ್ ರೆಗ್ಯುಲೇಟರ್ (ಸಿಲಿಂಡರ್‌ಗಳಿಗೆ ಉಗಿ ಬಿಡುವ ಕವಾಟ) ಮುಚ್ಚಿ, ಹಳಿಯ ಮೇಲೆ ಮರಳು ಬಿಟ್ಟು, ಮತ್ತೆ ನಿಧಾನ ತೆರೆಯಬೇಕು.

ಅತ್ಯಂತ ಸೂಕ್ಷ್ಮದ ಜಾಗ ಏಸ್ ಗಿಲ್, 1,169 ಅಡಿ ಎತ್ತರದ ನೆತ್ತಿ. 1968ರಲ್ಲಿ ಫೋಟೊ ತೆಗೆಯುವವರಿಗಾಗಿ ರೈಲು ನಿಲ್ಲಿಸಿದ್ದೂ ಇಲ್ಲೇ. ಏರುವಾಗ ಬಾಯ್ಲರ್‌ನ ನೀರು ಹಿಂದಕ್ಕೆ, ಬೆಂಕಿ ಉರಿಯುವ ಪೆಟ್ಟಿಗೆಯಾದ ಫೈರ್‌ಬಾಕ್ಸ್‌ನ ಮೇಲೆ, ಬಂದು ನಿಂತಿರುತ್ತದೆ. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ (ಗೇಜ್ ಗ್ಲಾಸ್) ಮಟ್ಟ ಚೆನ್ನಾಗಿಯೇ ಕಾಣುತ್ತದೆ. ನೆತ್ತಿ ದಾಟಿ ಮೂತಿ ಕೆಳಗಾದೊಡನೆ ನೀರು ಮುಂದಕ್ಕೆ ಹರಿಯುತ್ತದೆ. ಏಳು ಮೀಟರಿನಷ್ಟು ಉದ್ದದ ಬಾಯ್ಲರ್‌ನಲ್ಲಿ ನೂರಕ್ಕೆ ಒಂದರ ಇಳಿಜಾರೆಂದರೆ ಹಿಂದಿನ ತುದಿಯಲ್ಲಿ ಮಟ್ಟ ಮೂರು ನಾಲ್ಕು ಸೆಂಟಿಮೀಟರ್ ತಗ್ಗುತ್ತದೆ. ಅದೇ ಹೊತ್ತಿಗೆ ರೆಗ್ಯುಲೇಟರ್ ಮುಚ್ಚಿದರೆ ಕುದಿತ ಅಡಗಿ ಇನ್ನಷ್ಟು ಇಳಿಯುತ್ತದೆ. ಫೈರ್‌ಬಾಕ್ಸ್‌ನ ನೆತ್ತಿಯ ತಗಡಿನ ಮೇಲೆ ನೀರಿಲ್ಲದಿದ್ದರೆ ಅದು ಕಾದು ಮೆತ್ತಗಾಗಿ ಬಾಯ್ಲರ್ ಸಿಡಿಯಬಹುದು. ಎಚ್ಚರಿಕೆಗೆಂದು ಅಲ್ಲಿ ಸೀಸದ ತಿರುಳಿನ ಬಿರಡೆಗಳಿರುತ್ತವೆ. ನಮ್ಮ ಅಡುಗೆಮನೆಯ ಕುಕ್ಕರ್‌ನ ಸೇಫ್ಟಿ ವಾಲ್ವ್ ಹಾಗೆಯೇ, ಕಾವು ಮಿತಿ ಮೀರಿದರೆ ಕರಗಿ ಉಗಿಗೆ ದಾರಿ ಬಿಡುತ್ತವೆ. ಒಳ್ಳೆಯ ಫೈರ್‌ಮನ್ ಅಷ್ಟಕ್ಕೆ ಬಿಡುವುದಿಲ್ಲ. ನೆತ್ತಿ ಮುಟ್ಟುವ ಮುಂಚೆಯೇ ಇಂಜೆಕ್ಟರ್ (ಬಾಯ್ಲರ್‌ಗೆ ನೀರು ನುಗ್ಗಿಸುವ ಸಾಧನ) ಹಾಕಿ ನೀರು ತುಂಬಿಸಿಕೊಂಡಿರುತ್ತಾನೆ.

ಇನ್ನು ಬಾಯ್ಲರ್‌ನ ಅವಧಿ. ಇಲ್ಲಿಯ ಪದ್ಧತಿಯಂತೆ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಬಾಯ್ಲರನ್ನು ಎಂಜಿನ್‌ನಿಂದ ಎತ್ತಿ, ಹೊಗೆಕೊಳವೆಗಳನ್ನೆಲ್ಲ ಕಿತ್ತು, ಒಳಗಿನ ತಗಡುಗಳ ದಪ್ಪ ಅಳೆಯಬೇಕು. ಒಳಗಿನ ಫೈರ್‌ಬಾಕ್ಸ್ ತಾಮ್ರದ್ದು, ಹೊರಗಿನ ಕವಚ ಉಕ್ಕಿನದು. ಕಾದಾಗ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಅವೆರಡನ್ನೂ ಬಿಗಿದು ಹಿಡಿದ ನೂರಾರು ಸ್ಟೇಗಳು, ಅಂದರೆ ಲೋಹದ ಸರಳುಗಳು, ಪ್ರತಿ ಸಲ ಬೆಂಕಿ ಹಾಕಿದಾಗಲೂ ಬಾಗಿ ಬಾಗಿ ಕೊನೆಗೆ ಬಿರುಕು ಬಿಡುತ್ತವೆ. ತಣ್ಣಗಿನ ಎಂಜಿನ್ನಿಗೆ ಅವಸರದಿಂದ ಬೆಂಕಿ ಏರಿಸಬಾರದು, ಒಂದು ದಿನವಾದರೂ ಹದವಾಗಿ ಕಾಯಿಸಬೇಕು ಎನ್ನುವುದು ಇದಕ್ಕೇ. ಗಡಸು ನೀರಿನ ಗಸಿ ಕಟ್ಟಿದ ಜಾಗದಲ್ಲಿ ಶಾಖ ನೀರಿಗೆ ದಾಟದೆ ತಗಡು ಸುಡುತ್ತದೆ. ಇವೆಲ್ಲ ಹೊರಗಿನಿಂದ ಕಾಣುವುದಿಲ್ಲ, ಆದ್ದರಿಂದಲೇ ಅವಧಿ ಮುಗಿದ ದಿನ ಎಂಜಿನ್ ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ನಿಲ್ಲಿಸಲೇಬೇಕು. ಕೊನೆಯ ಯಾನವೆಂದರೆ ಎಂಜಿನ್‌ನ ಸಾವಲ್ಲ ಎಂಬುದು ಮಕ್ಕಳಿಗೆ ಇದರಿಂದ ಗೊತ್ತಾಗುತ್ತದೆ. ಹಣ, ನುರಿತ ಕೈಗಳು ಇದ್ದರೆ ಮತ್ತೆ ಹಳಿಗೆ ಬರುತ್ತದೆ.

ಊರಲ್ಲಿರುವ ಅಜ್ಜ ಅಜ್ಜಿಯರಿಗೆ ಮಕ್ಕಳಿಂದ ಒಂದು ಫೋನ್ ಮಾಡಿಸಿ. ಅರಸೀಕೆರೆ, ಹುಬ್ಬಳ್ಳಿ ಕಡೆಯ ಮೀಟರ್ ಗೇಜ್ ಉಗಿಬಂಡಿಯಲ್ಲಿ ಓಡಾಡಿದವರು ಅನೇಕರಿದ್ದಾರೆ. ಕಿಟಕಿಯಲ್ಲಿ ಕೂತರೆ ಏನಾಗುತ್ತಿತ್ತು, ನೀರಿಗೆ ಎಲ್ಲಿ ನಿಲ್ಲುತ್ತಿತ್ತು ಎಂದು ಕೇಳಿ ಅರ್ಧ ಪುಟ ಕನ್ನಡದಲ್ಲಿ ಬರೆದು ತರಲಿ.

ಮಳೆ ಕೋಟು, ಒದ್ದೆಯಾದರೂ ಜಾರದ ಬೂಟು, ಒಂದು ಜೊತೆ ಹೆಚ್ಚುವರಿ ಕಾಲುಚೀಲ ಖಂಡಿತ ಬೇಕು. ರಿಬಲ್‌ಹೆಡ್ ಬಯಲಲ್ಲಿ ಬೇಸಿಗೆಯಲ್ಲೂ ಗಾಳಿ ಕೊರೆಯುತ್ತದೆ. ಅಲ್ಲಿ ಊಟ ಸಿಗುತ್ತದೆಂದು ನಂಬಬೇಡಿ. ಚಿತ್ರಾನ್ನ, ಚಪಾತಿ ಪಲ್ಯ, ಹೀಗೆ ಚೆಲ್ಲದ ಬುತ್ತಿ ಮತ್ತು ನೀರು ಕಳಿಸಿ. ಕಡಲೆಬೀಜ, ಗೋಡಂಬಿ ಆಗದ ಮಕ್ಕಳು ಗುಂಪಿನಲ್ಲಿದ್ದಾರೆ, ದಯವಿಟ್ಟು ಅವನ್ನು ಹಾಕಬೇಡಿ. ಈ ಮಾರ್ಗದಲ್ಲಿ ಒಂದು ರೈಲು ತಪ್ಪಿದರೆ ಮುಂದಿನದಕ್ಕೆ ಎರಡು ಗಂಟೆ ಕಾಯಬೇಕಾದೀತು, ಹಾಗಾಗಿ ಲೀಡ್ಸ್ ನಿಲ್ದಾಣಕ್ಕೆ ಹೊರಡುವ ಸಮಯಕ್ಕಿಂತ ಅರ್ಧ ಗಂಟೆ ಮುಂಚೆ ತಂದು ಬಿಡಿ. ಜೊತೆಗೆ ಬರಬಲ್ಲ ನಾಲ್ವರು ಪೋಷಕರು ನಮಗೆ ಬೇಕಾಗಿದ್ದಾರೆ. ಒಪ್ಪಿಗೆ ಚೀಟಿಗೆ ಸಹಿ ಹಾಕಿ, ಮಗುವಿನ ಔಷಧಿಯ ವಿವರ ಬರೆದು, ಮುಂದಿನ ಭಾನುವಾರದ ತರಗತಿಯಲ್ಲಿ ಕೊಡಿ. ಟಿಕೆಟ್ ಆ ಸಂಜೆಯೇ ತೆಗೆಸುತ್ತೇವೆ.

ವಿಶ್ವಾಸದಿಂದ,
ಮುಖ್ಯೋಪಾಧ್ಯಾಯಿನಿ