ರೋಸ್ ಬೌಲ್ ರೆಕಾರ್ಡಿಂಗ್ ಓವರ್‌ಟೈಮ್‌ಗೆ ಮುಂಚೆಯೇ ನಿಂತುಹೋದ ಬಗ್ಗೆ ದೂರು

ದಿನಾಂಕ: 4 ಜನವರಿ 2024

ಇಂದ: ನಿಮ್ಮ ಗ್ರಾಹಕ, ಕ್ಯಾಂಟನ್, ಮಿಷಿಗನ್
ಗೆ: ಗ್ರಾಹಕ ಸೇವಾ ವಿಭಾಗ, ಟಿವಿ ಸ್ಟ್ರೀಮಿಂಗ್ ಸೇವೆ

ಮಾನ್ಯರೇ,

ನಾವು ನಿಮ್ಮಲ್ಲಿ ಕನ್ನಡ ಚಾನೆಲ್‌ಗಳ ಪ್ಯಾಕ್ ಜೊತೆಗೆ ಸ್ಪೋರ್ಟ್ಸ್ ಪ್ಯಾಕ್ ಕೂಡ ತೆಗೆದುಕೊಂಡಿದ್ದೇವೆ. ದೂರನ್ನು ಕನ್ನಡದಲ್ಲೇ ಬರೆಯಬಹುದು ಎಂದು ನಿಮ್ಮ ಸಹಾಯವಾಣಿಯವರು ಹೇಳಿದ್ದರಿಂದ ಹೀಗೆ ಬರೆಯುತ್ತಿದ್ದೇನೆ.

ಜನವರಿ 1ರಂದು ಪಾಸಡೀನಾದಲ್ಲಿ ಮಿಷಿಗನ್ ಮತ್ತು ಅಲಬಾಮಾ ವಿಶ್ವವಿದ್ಯಾಲಯಗಳ ಟೀಮುಗಳ ನಡುವೆ ರೋಸ್ ಬೌಲ್ ಎಂಬ ಅಮೆರಿಕನ್ ಕಾಲೇಜು ಫುಟ್‌ಬಾಲ್ ಪಂದ್ಯ ಇತ್ತು. ಈ ಸಲ ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್‌ನ ಒಂದು ಸೆಮಿಫೈನಲ್ ಕೂಡ ಅದೇ. ನಾನು ಆ್ಯನ್ ಆರ್ಬರ್‌ನಲ್ಲಿ, ಅಂದರೆ ಮಿಷಿಗನ್ ವಿಶ್ವವಿದ್ಯಾಲಯದಲ್ಲೇ ಓದಿದವನು. ಹಿಂದಿನ ಎರಡು ಸೀಸನ್‌ನಲ್ಲೂ ನಮ್ಮ ಟೀಮು ಸೆಮಿಫೈನಲ್‌ನಲ್ಲೇ ಸೋತಿತ್ತು. ಮೊದಲು ಜಾರ್ಜಿಯಾ ಎದುರು, ಆಮೇಲೆ ಟಿಸಿಯು (ಟೆಕ್ಸಾಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ) ಎದುರು. ಟಿಸಿಯು ಎದುರಿನ 51-45ರ ಸೋಲನ್ನು ನಮ್ಮೂರಿನವರು ಇನ್ನೂ ಮರೆತಿಲ್ಲ. ಈ ಆಟ ನಮಗೆ ಎಷ್ಟು ಮುಖ್ಯ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಅವತ್ತು ನನಗೂ ನನ್ನ ಹೆಂಡತಿಗೂ ಡ್ಯೂಟಿ ಇತ್ತು. ಆಟವನ್ನು ರೆಕಾರ್ಡ್‌ಗೆ ಹಾಕಿ ಹೋದೆವು. ದಿನವಿಡೀ ಫೋನಿನಲ್ಲಿ ಸುದ್ದಿ ನೋಡಲಿಲ್ಲ. ಸ್ಕೋರ್ ಹೇಳಬೇಡಿ ಎಂದು ಸ್ನೇಹಿತರಿಗೆಲ್ಲ ಹೇಳಿಟ್ಟಿದ್ದೆವು. ರಾತ್ರಿ ಬಂದು ಊಟದ ತಟ್ಟೆ ಹಿಡಿದು ಟಿವಿ ಮುಂದೆ ಕೂತೆವು.

13-20ರಲ್ಲಿ ಹಿಂದೆ ಬಿದ್ದಿದ್ದೆವು. 1 ನಿಮಿಷ 34 ಸೆಕೆಂಡು ಉಳಿದಿದ್ದಾಗ ನಮ್ಮ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಮೆಕಾರ್ಥಿ ಎಸೆದ ಚೆಂಡನ್ನು ನಮ್ಮವರೇ ಆದ ರೋಮನ್ ವಿಲ್ಸನ್ ಹಿಡಿದರು. ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಲೈನ್ ದಾಟಿಸಿ ಅಂಕ ಗಳಿಸುವುದು), ಅದರ ಹಿಂದಿನ ಕಿಕ್ ಸೇರಿ 20-20. ಆಮೇಲೆ ಅಲಬಾಮಾದವರು ನಮ್ಮ ಕಡೆಗೆ ಒದ್ದ ಚೆಂಡನ್ನು (ಪಂಟ್) ಹಿಡಿಯಲು ಹೋದ ನಮ್ಮ ಜೇಕ್ ಥಾ ಕೈಯಿಂದ ಅದು ಜಾರಿತು, ಅದೂ ನಮ್ಮದೇ ಗೋಲ್ ಲೈನ್ ಪಕ್ಕದಲ್ಲಿ! ಹೇಗೋ ಮೇಲೆ ಬಿದ್ದು ಥಾ ಅವರೇ ಹಿಡಿದುಕೊಂಡರು. ನಮಗೆ ಜೀವ ಬಾಯಿಗೆ ಬಂದಿತ್ತು. ನಾಲ್ಕನೇ ಕ್ವಾರ್ಟರ್ ಸಮಬಲದಲ್ಲೇ ಮುಗಿದು ಓವರ್‌ಟೈಮ್ (ಗೆದ್ದವರನ್ನು ತೀರ್ಮಾನಿಸುವ ಹೆಚ್ಚುವರಿ ಆಟ) ಶುರುವಾಗಬೇಕು ಅನ್ನುವಷ್ಟರಲ್ಲಿ ಪರದೆ ಕಪ್ಪಾಯಿತು. 'ರೆಕಾರ್ಡಿಂಗ್ ಮುಗಿದಿದೆ' ಎಂಬ ಸಾಲು. ಅದರ ಕೆಳಗೆ ಉಳಿಸಬೇಕಾ, ಅಳಿಸಬೇಕಾ ಎಂದು ಕೇಳುವ ಎರಡು ಬಟನ್.

ಆಗಲೇ ಚಾಟ್‌ನಲ್ಲಿ ಕೇಳಿದೆ. ವೇಳಾಪಟ್ಟಿ ಪ್ರಕಾರ ಪೂರ್ತಿ ರೆಕಾರ್ಡ್ ಆಗಿದೆ, ನಮ್ಮ ಕಡೆಯಿಂದ ತಪ್ಪಿಲ್ಲ, ಹೈಲೈಟ್ಸ್ ನೋಡಿಕೊಳ್ಳಿ ಎಂದರು. ಇದನ್ನು ನಾನು ಒಪ್ಪುವುದಿಲ್ಲ. ಫುಟ್‌ಬಾಲ್ ಗಡಿಯಾರದಲ್ಲಿ 60 ನಿಮಿಷ ಇದ್ದರೂ ನಿಂತು ನಿಂತು ಓಡುವುದರಿಂದ ಆಟಕ್ಕೆ ಮೂರು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಕಾಲೇಜು ಫುಟ್‌ಬಾಲಿನ ಓವರ್‌ಟೈಮ್‌ಗಂತೂ ಗಡಿಯಾರವೇ ಇಲ್ಲ. ಮೊದಲ ಸುತ್ತಿನಲ್ಲಿ ಎರಡೂ ಟೀಮಿಗೆ ಎದುರಾಳಿಯ 25 ಗಜದ ಗೆರೆಯಿಂದ ಒಂದೊಂದು ಸರದಿ. ಸೋಲು ಗೆಲುವು ತೀರ್ಮಾನವಾಗುವವರೆಗೆ ಆಟ ನಡೆಯುತ್ತಲೇ ಇರುತ್ತದೆ. ಇಂಥ ಆಟಕ್ಕೆ ಇಷ್ಟೇ ಹೊತ್ತು ಎಂದು ಮೊದಲೇ ಗೆರೆ ಎಳೆದರೆ ಹೇಗೆ? ಚಾನೆಲ್‌ನವರು ಆಟವನ್ನು ಕೊನೆಯವರೆಗೂ ತೋರಿಸಿದ್ದಾರೆ. ಲೈವ್ ನೋಡಿದವರಿಗೆ ಎಲ್ಲ ಸಿಕ್ಕಿದೆ. ಕತ್ತರಿ ಬಿದ್ದಿದ್ದು ನಿಮ್ಮ ರೆಕಾರ್ಡಿಂಗ್‌ಗೆ ಮಾತ್ರ.

ಹೈಲೈಟ್ಸ್ ನೋಡಿದೆ. ಬ್ಲೇಕ್ ಕೋರಮ್ 17 ಗಜ ಓಡಿ ಟಚ್‌ಡೌನ್ ಮಾಡಿದ್ದು, ಅಲಬಾಮಾದ ಕೊನೇ ಅವಕಾಶದಲ್ಲಿ ಬರೀ 3 ಗಜ ಬೇಕಿದ್ದಾಗ ಅವರ ಕ್ವಾರ್ಟರ್‌ಬ್ಯಾಕ್ ಮಿಲ್ರೋ ಅವರನ್ನು ನಮ್ಮವರು ಅಡ್ಡಗಟ್ಟಿದ್ದು, ಎರಡೂ ಅದರಲ್ಲಿವೆ. ಆದರೆ ಅಷ್ಟರಲ್ಲಿ 27-20 ಅಂತ ಗೊತ್ತಾಗಿಹೋಗಿತ್ತು. ಆ ನಾಲ್ಕನೇ ಡೌನ್‌ಗೆ (ಅಲಬಾಮಾದ ಆ ಕೊನೇ ಯತ್ನಕ್ಕೆ) ಮುಂಚೆ ಉಸಿರು ಬಿಗಿಹಿಡಿದು ಕಾಯುವುದಕ್ಕೇ ನಾವು ಇಡೀ ಸೀಸನ್ ದುಡ್ಡು ಕಟ್ಟಿದ್ದು. ಅದನ್ನು ಯಾವ ಹೈಲೈಟ್ಸೂ ವಾಪಸ್ ಕೊಡುವುದಿಲ್ಲ.

ಸ್ಪೋರ್ಟ್ಸ್ ಪ್ಯಾಕ್‌ನ ಈ ತಿಂಗಳ ಹಣ ವಾಪಸ್ ಕೊಡಿ. ಓವರ್‌ಟೈಮ್ ಸೇರಿಸಿ ಪೂರ್ತಿ ಆಟವನ್ನು ನಮ್ಮ ಖಾತೆಗೆ ಹಾಕಿಕೊಡಿ. ಎಲ್ಲಕ್ಕಿಂತ ಮುಖ್ಯವಾಗಿ, ಲೈವ್ ಆಟಗಳ ರೆಕಾರ್ಡಿಂಗ್ ಪ್ರಸಾರ ಮುಗಿಯುವವರೆಗೆ ತಾನಾಗಿ ಮುಂದುವರಿಯುವ ಹಾಗೆ ಮಾಡಿ. ಜನವರಿ 8ರಂದು ಹ್ಯೂಸ್ಟನ್‌ನಲ್ಲಿ ವಾಷಿಂಗ್ಟನ್ ಎದುರು ಫೈನಲ್ ಇದೆ. ಅವತ್ತೂ ನನ್ನ ಹೆಂಡತಿಗೆ ರಾತ್ರಿ ಡ್ಯೂಟಿ, ಅವಳು ರೆಕಾರ್ಡಿಂಗನ್ನೇ ನಂಬಿಕೊಂಡಿದ್ದಾಳೆ. ಸುಮ್ನೆ ಕ್ಷಮೆ ಕೇಳುವ ಇಮೇಲ್ ಬೇಡ. ಅಷ್ಟರೊಳಗೆ ಇದನ್ನು ಸರಿಪಡಿಸುತ್ತೀರಾ ಇಲ್ಲವಾ ಎಂದು 7ನೇ ತಾರೀಖಿನೊಳಗೆ ತಿಳಿಸಿ.

ಇತಿ,
ನಿಮ್ಮ ಗ್ರಾಹಕ