ಆಯಿಲ್ ಗ್ಯಾಲರಿ ಶುಚಿಗೊಳಿಸದೆ ಹಣ ಪಡೆದು ಎಂಜಿನ್ ಹಾಳುಮಾಡಿದ ಬಗ್ಗೆ ದೂರು

ಇಂದ:
ಎಂಜಿನ್ ಕೆಲಸ ಮಾಡಿಸಿದ ಗ್ರಾಹಕ, ಬೆಂಗಳೂರು

ಗೆ:
ವ್ಯವಸ್ಥಾಪಕರು,
ಎಂಜಿನ್ ಬೋರಿಂಗ್ ಮತ್ತು ಕ್ರ್ಯಾಂಕ್ ಗ್ರೈಂಡಿಂಗ್ ವಿಭಾಗ, ಬೆಂಗಳೂರು

ವಿಷಯ: ಬಿಲ್‌ನಲ್ಲಿ ನಮೂದಿಸಿದ ಗ್ಯಾಲರಿ ಶುಚಿ ಕೆಲಸವನ್ನು ಮಾಡದಿರುವುದು, ಅದರಿಂದಾದ ನಷ್ಟ ಮತ್ತು ಪರಿಹಾರದ ಕೋರಿಕೆ.

ಮಾನ್ಯರೇ,

ಮಾರುತಿ ಎಸ್ಟೀಮ್‌ನ 1298 ಸಿಸಿ, ಹದಿನಾರು ವಾಲ್ವಿನ ಎಂಜಿನ್ನಿನ ಬ್ಲಾಕ್, ಕ್ರ್ಯಾಂಕ್‌ಶಾಫ್ಟ್ ಮತ್ತು ಸಿಲಿಂಡರ್ ಹೆಡ್ ಮೂರನ್ನೂ ನಾನು ಕಳೆದ ನವೆಂಬರಿನಲ್ಲಿ ನಿಮ್ಮ ಕಾರ್ಖಾನೆಗೆ ಒಪ್ಪಿಸಿದ್ದೆ. ಸಿಲಿಂಡರ್ ಬೋರಿಂಗ್ (ಒಳಗನ್ನು ಕೊರೆದು ಅಗಲಿಸುವುದು) ಮತ್ತು ಹೋನಿಂಗ್ (ಆ ಗೋಡೆಯನ್ನು ಉಜ್ಜುಗಲ್ಲಿನಿಂದ ಹದಗೊಳಿಸುವುದು), ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್, ಹಾಗೂ ಆಯಿಲ್ ಗ್ಯಾಲರಿಗಳ (ಬ್ಲಾಕ್‌ನ ಒಳಗೆ ಆಯಿಲ್ ಹರಿಯುವ ಕಾಲುವೆಗಳ) ಪ್ಲಗ್ ಬಿಚ್ಚಿ ಒಳಗೆಲ್ಲ ಬ್ರಷ್ ಹಾಕಿ ತೊಳೆದು ಹೊಸ ಪ್ಲಗ್ ಕೂರಿಸುವುದು ಎಂದು ಕೆಲಸ ನಿಗದಿಯಾಗಿತ್ತು. ಒಟ್ಟು 24,800 ರೂಪಾಯಿಯನ್ನು ನಾನು ಒಂದೇ ಕಂತಿನಲ್ಲಿ ಪಾವತಿಸಿದ್ದೇನೆ. ಇವುಗಳಲ್ಲಿ ಕೊನೆಯ ಕೆಲಸವನ್ನು ನೀವು ಮಾಡಿಲ್ಲ. ಮಾಡಿದ್ದಾಗಿ ಬಿಲ್‌ನಲ್ಲಿ ಬರೆದು ಅದಕ್ಕೆಂದೇ 2,200 ರೂಪಾಯಿ ಪಡೆದಿದ್ದೀರಿ. ಆ ಒಂದು ಲೋಪದಿಂದ ಹೊಸ ಬೇರಿಂಗ್‌ಗಳೆಲ್ಲ ಗೀರುಬಿದ್ದು, ನೀವೇ ಗ್ರೈಂಡ್ ಮಾಡಿಕೊಟ್ಟ ಕ್ರ್ಯಾಂಕ್ ಮತ್ತೆ ಗ್ರೈಂಡಿಂಗ್‌ಗೆ ಹೋಗುವ ಸ್ಥಿತಿಗೆ ಬಂದಿದೆ.

ಇದನ್ನು ಫೋನಿನಲ್ಲಿ ತಿಳಿಸಿದಾಗ ನಿಮ್ಮ ಕಡೆಯಿಂದ ಬಂದ ಉತ್ತರ, “ಬೇರೆ ಕಾರಿನ ಎಂಜಿನ್ ಕೂರಿಸಿದ್ದೀರಿ, ಅದೂ ಮನೆಯ ಗ್ಯಾರೇಜಿನಲ್ಲಿ, ಇಂಥದ್ದಕ್ಕೆ ನಾವು ಜವಾಬ್ದಾರರಲ್ಲ” ಎಂಬುದಾಗಿತ್ತು. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದನ್ನು ಬಾಯಿಮಾತಿಗೆ ಬಿಡದೆ ಬರಹದಲ್ಲಿ ದಾಖಲಿಸುವುದು ಈ ಪತ್ರದ ಉದ್ದೇಶ.

ಮೊದಲಿಗೆ ಕಾರಿನ ವಿಚಾರ. ಅದು ಗೋವಾದಲ್ಲಿ ತಯಾರಾಗುತ್ತಿದ್ದ ಸ್ಯಾನ್ ಸ್ಟಾರ್ಮ್, ಅಂದರೆ ಫೈಬರ್‌ಗ್ಲಾಸ್ ಮೈಯ, ಎರಡೇ ಸೀಟಿನ, ಮೇಲ್ಛಾವಣಿ ತೆರೆಯುವ ಪುಟ್ಟ ಸ್ಪೋರ್ಟ್ಸ್ ಕಾರು. ಕಂಪನಿಯಿಂದ ಬರುವಾಗ ಅದರಲ್ಲಿದ್ದುದು ರೆನೋದ 1149 ಸಿಸಿ ಎಂಜಿನ್. ನನ್ನ ಕೈಗೆ ಬಂದಾಗ ಆ ಎಂಜಿನ್ ಜಾಮ್ ಆಗಿತ್ತು, ಅದರ ಬಿಡಿಭಾಗಗಳನ್ನು ಹುಡುಕಿ ಜೋಡಿಸುವುದು ನನ್ನ ಶಕ್ತಿಗೆ ಮೀರಿತ್ತು. ಆದ್ದರಿಂದ ಎಸ್ಟೀಮ್‌ನ ಎಂಜಿನ್, ಅದರದೇ ಗೇರ್‌ಬಾಕ್ಸ್, ಅದರದೇ ವೈರಿಂಗ್ ಮತ್ತು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಂದು, ಮೌಂಟಿಂಗ್‌ಗಳನ್ನು ಹೊಸದಾಗಿ ಮಾಡಿಸಿ, ಒಳತುದಿ ಎಸ್ಟೀಮ್‌ನದು ಹೊರತುದಿ ಸ್ಟಾರ್ಮ್‌ನದು ಎಂಬಂತೆ ಆಕ್ಸಲ್‌ಗಳನ್ನು ಹೊಂದಿಸಿ, ಮನೆಯ ಗ್ಯಾರೇಜಿನಲ್ಲಿಯೇ ಕಾರನ್ನು ಮತ್ತೆ ಕಟ್ಟುತ್ತಿದ್ದೇನೆ. ಈ ಎಂಜಿನ್ ಅಪರೂಪದ್ದೇನೂ ಅಲ್ಲ. ಜಿಪ್ಸಿ ಕಿಂಗ್‌ನಲ್ಲಿ ಇದೇ ಕುಟುಂಬದ ಎಂಜಿನ್ ಇತ್ತು, ನಿಮ್ಮ ಕಾರ್ಖಾನೆಯ ಬಾಗಿಲಲ್ಲಿ ನಾನು ಕಾಯುತ್ತಿದ್ದಾಗಲೂ ಅಂಥ ಬ್ಲಾಕ್‌ಗಳು ಸಾಲಾಗಿ ಕೂತಿದ್ದವು.

ನಿಮ್ಮ ಬೋರಿಂಗ್ ಕೆಲಸದ ಬಗ್ಗೆ ನನಗೆ ಯಾವ ದೂರೂ ಇಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮೂಲದಲ್ಲಿ 74 ಮಿ.ಮೀ. ಇರುವ ಸಿಲಿಂಡರ್‌ಗಳನ್ನು 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್‌ಗಳಿಗೆ ಹೊಂದುವಂತೆ ಬೋರ್ ಮಾಡಿದ್ದೀರಿ. ಜೋಡಣೆಗೆ ಮುನ್ನ ಬೋರ್ ಗೇಜ್ ಹಾಕಿ ನೋಡಿದಾಗ ನಾಲ್ಕು ಸಿಲಿಂಡರ್‌ಗಳಲ್ಲೂ ಪಿಸ್ಟನ್ ಕ್ಲಿಯರೆನ್ಸ್ ತಯಾರಕರು ಹೇಳುವ 0.02ರಿಂದ 0.04 ಮಿ.ಮೀ. ಒಳಗೇ ಇತ್ತು, ಹೋನಿಂಗ್‌ನ ಅಡ್ಡಗೆರೆಗಳೂ ಮೇಲಿಂದ ಕೆಳಗಿನವರೆಗೆ ಸಮನಾಗಿದ್ದವು. ಆ ಯಂತ್ರದ ಮೇಲೆ ನಿಂತಿದ್ದ ಹಿರಿಯ ಮಿಸ್ತ್ರಿಯವರ ಕೈಚಳಕಕ್ಕೆ ನಾನು ಈಗಲೂ ತಲೆಬಾಗುತ್ತೇನೆ. ಕ್ರ್ಯಾಂಕ್ ಗ್ರೈಂಡಿಂಗ್ ಕೂಡ ಹಾಗೆಯೇ: 0.25 ಮಿ.ಮೀ. ಅಂಡರ್‌ಸೈಜ್ (ಗ್ರೈಂಡ್ ಆಗಿ ಸಣ್ಣದಾದ ಕ್ರ್ಯಾಂಕ್‌ಗೆ ಹೊಂದುವ) ಬೇರಿಂಗ್‌ಗಳನ್ನು ಕೂರಿಸಿ, ಟಾರ್ಕ್ ರೆಂಚ್‌ನಿಂದ ಬಿಗಿದು, ಪ್ಲಾಸ್ಟಿಗೇಜ್‌ನಿಂದ (ಬೇರಿಂಗ್‌ನ ಅಂತರ ಅಳೆಯುವ ಪ್ಲಾಸ್ಟಿಕ್ ಎಳೆ) ಪ್ರತಿಯೊಂದು ಜರ್ನಲ್ (ಬೇರಿಂಗ್‌ನಲ್ಲಿ ಕೂತು ತಿರುಗುವ ಭಾಗ) ಅಳೆದಾಗ ಎಲ್ಲವೂ ಸರಿಯಾಗಿಯೇ ಇದ್ದವು. ಈ ಅಳತೆಗಳ ಫೋಟೊಗಳನ್ನು ಲಗತ್ತಿಸಿದ್ದೇನೆ. ನನ್ನ ಜೋಡಣೆಯಲ್ಲಿ ದೋಷವಿತ್ತು ಎಂಬ ನಿಮ್ಮ ಮಾತಿಗೆ ಆ ಫೋಟೊಗಳೇ ಉತ್ತರ. ಜೊತೆಗೆ ಅವು ನಿಮ್ಮ ಸಂಸ್ಥೆಯ ಒಳ್ಳೆಯ ಕೆಲಸಕ್ಕೂ ಸಾಕ್ಷಿಯಾಗಿರುವುದರಿಂದ ಅವನ್ನು ನಿರಾಕರಿಸುವುದು ನಿಮಗೂ ಕಷ್ಟವಾದೀತು.

ಇನ್ನು ಎಂಜಿನ್ ಮೊದಲ ಸಲ ಚಾಲೂ ಆದ ದಿನದ ವಿಚಾರ. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು, ಆಯಿಲ್ ಪ್ರೆಷರ್ ಗೇಜ್‌ನ ಮುಳ್ಳು ಏರುವವರೆಗೆ ಬರೀ ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸಿದ ನಂತರವೇ ಪ್ಲಗ್ ಹಾಕಿ ಚಾಲೂ ಮಾಡಿದ್ದೆ. ಎಂಜಿನ್ ಕೂಡಲೇ ಹಿಡಿಯಿತು, ಸದ್ದೂ ಹದವಾಗಿತ್ತು. ಆದರೆ ಆಯಿಲ್ ಬಿಸಿಯೇರುತ್ತಿದ್ದಂತೆ ಗೇಜ್‌ನ ಮುಳ್ಳು ಇಳಿಯತೊಡಗಿತು. ಬಿಸಿಯಾದ ಆಯಿಲ್ ತೆಳುವಾಗಿ ಪ್ರೆಷರ್ ಒಂದಿಷ್ಟು ಇಳಿಯುವುದು ಸಹಜ, ಅದು ಎಲ್ಲರಿಗೂ ಗೊತ್ತಿರುವುದೇ. ಇಲ್ಲಿ ಅದು ಒಂದು ಕಡೆ ನಿಲ್ಲದೆ ಇಳಿಯುತ್ತಲೇ ಹೋಗಿ, ಐಡಲ್‌ನಲ್ಲಿ ಕೆಂಪು ದೀಪ ಮಿನುಗಿತು. ತಕ್ಷಣ ಎಂಜಿನ್ ನಿಲ್ಲಿಸಿದೆ. ಇಷ್ಟೆಲ್ಲ ನಡೆಯುವಾಗ ಕಾರು ಗ್ಯಾರೇಜಿನ ಒಳಗೆ, ನಾಲ್ಕು ಸ್ಟ್ಯಾಂಡ್‌ಗಳ ಮೇಲೆ, ಗೇರ್ ನ್ಯೂಟ್ರಲ್‌ನಲ್ಲಿ ನಿಂತಿತ್ತು ಎಂಬುದನ್ನು ದಯವಿಟ್ಟು ಗಮನಿಸಬೇಕು. ಬೇರೆ ಕಾರಿಗೆ ಕೂರಿಸಿದ್ದರಿಂದ ಎಂಜಿನ್‌ ಮೇಲೆ ಲೋಡ್ ಜಾಸ್ತಿಯಾಗಿದೆ ಎಂದು ನೀವು ಹೇಳಿದ್ದೀರಿ. ನೆಲ ಮುಟ್ಟದ ಚಕ್ರಗಳು ಎಂಜಿನ್‌ಗೆ ಯಾವ ಲೋಡ್ ಕೊಡುತ್ತವೆ ಎಂಬುದನ್ನು ನಿಮ್ಮ ಉತ್ತರದಲ್ಲಿ ವಿವರಿಸಿದರೆ ಉಪಕಾರವಾಗುತ್ತದೆ.

ಸಂಪ್ (ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿ) ಬಿಚ್ಚಿದಾಗ ಕಂಡದ್ದು ಹೀಗಿದೆ. ಕ್ರ್ಯಾಂಕನ್ನು ಹೊರುವ ಐದು ಮೇನ್ ಬೇರಿಂಗ್‌ಗಳಲ್ಲಿ, ಆಯಿಲ್ ಬರುವ ರಂಧ್ರವಿರುವ ಮೇಲಿನ ಅರ್ಧಗಳಲ್ಲಿ ಗೀರುಗಳು ಆಳವಾಗಿವೆ, ಕೆಳಗಿನ ಅರ್ಧಗಳಲ್ಲಿ ಕಡಿಮೆ. ಕನೆಕ್ಟಿಂಗ್ ರಾಡ್‌ಗಳು ಕ್ರ್ಯಾಂಕ್‌ಗೆ ಸೇರುವಲ್ಲಿರುವ ಬಿಗ್ ಎಂಡ್ ಬೇರಿಂಗ್‌ಗಳ ಮೆದು ಲೋಹದಲ್ಲಿ ಬೂದುಬಣ್ಣದ ಕಣಗಳು ಹೂತು ಕೂತಿವೆ. ಹೆಡ್‌ನಲ್ಲಿರುವ ಕ್ಯಾಮ್‌ಶಾಫ್ಟ್‌ನ ಜರ್ನಲ್‌ಗಳ ಮೇಲೂ ತೆಳು ಗೆರೆಗಳಿವೆ. ಈ ಮೂರೂ ಜಾಗಗಳಿಗೆ ಆಯಿಲ್ ತಲುಪುವುದು ಒಂದೇ ದಾರಿಯಿಂದ: ಪಂಪ್, ಅಲ್ಲಿಂದ ಫಿಲ್ಟರ್, ಅಲ್ಲಿಂದ ಬ್ಲಾಕ್‌ನ ಮುಖ್ಯ ಗ್ಯಾಲರಿ, ಗ್ಯಾಲರಿಯಿಂದ ಮೇನ್ ಬೇರಿಂಗ್‌ಗಳು, ಅಲ್ಲಿಂದ ಕ್ರ್ಯಾಂಕ್‌ನ ಒಳಗಿನ ರಂಧ್ರಗಳ ಮೂಲಕ ಬಿಗ್ ಎಂಡ್‌ಗಳು, ಹೆಡ್‌ಗೆ ಹೋಗುವುದೂ ಅದೇ ಗ್ಯಾಲರಿಯಿಂದ. ಕಸ ನನ್ನ ಗ್ಯಾರೇಜಿನ ಧೂಳಾಗಿ ಸಂಪ್‌ಗೆ ಬಿದ್ದಿದ್ದರೆ ಮೊದಲು ಫಿಲ್ಟರ್ ಅದನ್ನು ತಡೆಯಬೇಕಿತ್ತು. ಫಿಲ್ಟರ್ ದಾಟಿದ ಮೇಲಿರುವ ಗ್ಯಾಲರಿಯಲ್ಲೇ ಕಸ ಕೂತಿದ್ದರೆ ಅದಕ್ಕೂ ಬೇರಿಂಗ್‌ಗೂ ನಡುವೆ ತಡೆಯುವಂಥದ್ದು ಯಾವುದೂ ಇಲ್ಲ.

ತಣ್ಣನೆಯ ದಪ್ಪ ಆಯಿಲ್‌ಗೆ ಫಿಲ್ಟರ್‌ನ ಬೈಪಾಸ್ ವಾಲ್ವ್ (ಆಯಿಲ್ ಸೋಸಿ ಹೋಗಲು ಕಷ್ಟವಾದಾಗ ಅದನ್ನು ಸೋಸದೆ ಬಿಡುವ ವಾಲ್ವ್) ತೆರೆದುಕೊಂಡು ಸಂಪ್‌ನ ಕಸ ನೇರ ಒಳಹೋಗಿರಬಹುದು ಎಂದು ನಿಮ್ಮ ಫೋರ್‌ಮನ್ ವಾದಿಸಿದರು. ವಾದ ಜಾಣತನದ್ದೇ. ಆದರೆ ಅದಾದ ನಂತರ ನಾನು ಗ್ಯಾಲರಿಯ ತುದಿಯ ಪ್ಲಗ್ ತೆಗೆಸಿದೆ. ಕೆಲಸ ಮುಗಿಸಿ ಕೊಡುವಾಗ ನೀವು ಬ್ಲಾಕ್‌ಗೆ ಬೆಳ್ಳಿ ಬಣ್ಣ ಹೊಡೆದಿದ್ದಿರಿ, ಪ್ಲಗ್‌ನ ಮೇಲೂ ಅದೇ ಬಣ್ಣವಿದ್ದುದರಿಂದ ಹೊರಗಿನಿಂದ ನೋಡಿದವರಿಗೆ ಅದು ಹೊಸದೋ ಹಳೆಯದೋ ತಿಳಿಯುವಂತಿರಲಿಲ್ಲ. ಬಣ್ಣ ಕೆರೆದಾಗ ಕೆಳಗೆ ಹಳೆಯ ತುಕ್ಕು ಸಿಕ್ಕಿತು. ಅಂದರೆ ಅದು ಬದಲಾಯಿಸಿದ ಪ್ಲಗ್ ಅಲ್ಲ, ಬಿಚ್ಚಿ ಮತ್ತೆ ಕೂರಿಸಿದ್ದೂ ಅಲ್ಲ. ಅದರ ಹಿಂದೆ, ಆಯಿಲ್ ಹರಿದು ಹೋಗದ ಆ ಮೂಲೆಯಲ್ಲಿ, ದೋಸೆ ಹಿಟ್ಟಿನಷ್ಟು ಗಟ್ಟಿಯಾದ ಬೂದುಬಣ್ಣದ ಗಸಿ ತುಂಬಿತ್ತು. ಅದನ್ನು ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ ಅಯಸ್ಕಾಂತ ಹಿಡಿದಾಗ ಒಂದು ಭಾಗ ಎದ್ದು ಅಂಟಿಕೊಂಡಿತು, ಉಳಿದದ್ದು ಕಾಗದದ ಮೇಲೆಯೇ ಉಳಿಯಿತು. ಈ ಬ್ಲಾಕ್ ಅಲ್ಯೂಮಿನಿಯಂನದು, ಲೈನರ್‌ಗಳು (ಸಿಲಿಂಡರ್‌ನ ಒಳಗೋಡೆಯ ಕೊಳವೆಗಳು) ಮಾತ್ರ ಎರಕದ ಕಬ್ಬಿಣದವು. ಲೈನರ್‌ನಿಂದ ಕೆರೆದು ಬಂದ ಕಬ್ಬಿಣದ ಪುಡಿ ಅಯಸ್ಕಾಂತಕ್ಕೆ ಅಂಟುತ್ತದೆ, ಹೋನಿಂಗ್ ಕಲ್ಲಿನಿಂದ ಉದುರಿದ ಪುಡಿ ಅಂಟುವುದಿಲ್ಲ. ಎರಡೂ ಬೆರೆತು ಸಿಗುವುದು ಹೋನಿಂಗ್ ಯಂತ್ರದ ಅಡಿಯಲ್ಲಿಯೇ ಹೊರತು ಒಬ್ಬ ಹವ್ಯಾಸಿಯ ಗ್ಯಾರೇಜಿನಲ್ಲಿ ಅಲ್ಲ. ಪ್ಲಗ್ ಮತ್ತು ಗಸಿಯ ಮಾದರಿಯನ್ನು ಮೊಹರು ಮಾಡಿ ಇಟ್ಟಿದ್ದೇನೆ. ಪ್ಲಗ್ ತೆಗೆಯುವಾಗ ಮೊದಲಿಂದ ಕೊನೆಯವರೆಗೆ ಮಾಡಿದ ವಿಡಿಯೊ ಈ ಪತ್ರದ ಜೊತೆಗಿರುವ ಪೆನ್‌ಡ್ರೈವ್‌ನಲ್ಲಿದೆ.

ಬೋರಿಂಗ್ ಆದ ಬ್ಲಾಕನ್ನು ತೊಳೆಯುವುದು ಎಂಜಿನ್ ಕಟ್ಟುವವನ ಹೊಣೆ ಎಂಬ ಮಾತನ್ನೂ ನಿಮ್ಮವರು ಆಡಿದರು. ಸಿಲಿಂಡರ್ ಗೋಡೆಗಳನ್ನು ಸೋಪಿನ ನೀರಿನಲ್ಲಿ ತೊಳೆದು, ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಆ ಹೊಣೆಯನ್ನು ನಾನು ನಿರ್ವಹಿಸಿದ್ದೇನೆ. ಪ್ಲಗ್ ಹಾಕಿ ಮುಚ್ಚಿದ ಗ್ಯಾಲರಿಯ ಒಳಗನ್ನು ತೊಳೆಯುವ ಹೊಣೆಯನ್ನು ಹಣ ಪಡೆದು ವಹಿಸಿಕೊಂಡವರು ನೀವು. “ಗ್ಯಾಲರಿ ಪ್ಲಗ್ ತೆಗೆದು ಶುಚಿ, ಹೊಸ ಪ್ಲಗ್ ಅಳವಡಿಕೆ” ಎಂಬ ಸಾಲು ನಿಮ್ಮ ಬಿಲ್‌ನಲ್ಲಿ ನಿಮ್ಮದೇ ಕೈಬರಹದಲ್ಲಿದೆ. ಅದು ಇಡೀ ಬಿಲ್‌ನಲ್ಲಿ ಅತಿ ಕಡಿಮೆ ಮೊತ್ತದ ಬಾಬ್ತು. ಬಹುಶಃ ಅದಕ್ಕೇ ಅದನ್ನು ಯಾರೂ ಮಾಡಲಿಲ್ಲ.

ಎಂಜಿನ್ ಬದಲಾಯಿಸಿದ ಕಾರು ಕಾನೂನಿಗೆ ವಿರುದ್ಧವಾದುದರಿಂದ ನನಗೆ ದೂರುವ ಹಕ್ಕೇ ಇಲ್ಲ ಎಂದೂ ಸೂಚಿಸಿದ್ದೀರಿ. ಮೋಟಾರು ವಾಹನಗಳ ಕಾಯಿದೆ, 1988ರ 52ನೇ ಕಲಂ (ವಾಹನದ ಮೂಲ ರಚನೆ ಬದಲಾಯಿಸುವುದನ್ನು ನಿರ್ಬಂಧಿಸುವುದು) ಮತ್ತು ಅದನ್ನು ಬಿಗಿಯಾಗಿ ಎತ್ತಿಹಿಡಿದ ಸರ್ವೋಚ್ಚ ನ್ಯಾಯಾಲಯದ 2019ರ ಜನವರಿಯ ತೀರ್ಪು ಎರಡೂ ನನಗೆ ತಿಳಿದಿವೆ. ತಿಳಿದಿರುವುದರಿಂದಲೇ ಈ ಕಾರನ್ನು ರಸ್ತೆಗೆ ಇಳಿಸುವ ಯೋಚನೆ ನನಗಿಲ್ಲ; ಅದು ಟ್ರೇಲರ್ ಮೇಲೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಿ, ಅಲ್ಲಿ ಓಡಿ, ಟ್ರೇಲರ್ ಮೇಲೆಯೇ ಮನೆಗೆ ಮರಳುವ ಕಾರು. ಅದೇನೇ ಇರಲಿ, ನಿಮ್ಮ ಮೇಜಿನ ಮೇಲೆ ನಾನಿಟ್ಟದ್ದು ಕಾರನ್ನಲ್ಲ. ಒಂದು ಬ್ಲಾಕ್, ಒಂದು ಕ್ರ್ಯಾಂಕ್, ಒಂದು ಹೆಡ್. ಅವು ಯಾವ ಕಾರಿಗೆ ಹೋಗುತ್ತವೆ ಎಂದು ನೀವು ಕೇಳಿದಾಗ ನಾನು ಇದ್ದದ್ದನ್ನು ಇದ್ದಂತೆಯೇ ಹೇಳಿದ್ದೆ, ನಿಮ್ಮ ಹುಡುಗರು ಸ್ಟಾರ್ಮ್‌ನ ಫೋಟೊ ತೋರಿಸಿ ಎಂದು ಆಸೆಯಿಂದ ಕೇಳಿ ನೋಡಿದ್ದರು. ಹಣ ಪಡೆಯುವಾಗ ಇಲ್ಲದ ಆಕ್ಷೇಪ ದೂರು ಬಂದ ಮೇಲೆ ಹುಟ್ಟಿಕೊಂಡಿರುವುದು ನ್ಯಾಯವಲ್ಲ.

ಬಿಲ್‌ನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ “ಕಾರ್ಖಾನೆಯಿಂದ ಹೊರಹೋದ ಭಾಗಗಳಿಗೆ ನಾವು ಹೊಣೆಯಲ್ಲ” ಎಂಬ ವಾಕ್ಯವನ್ನೂ ಗಮನಿಸಿದ್ದೇನೆ. ಮಾಡದ ಕೆಲಸಕ್ಕೆ ಹಣ ಪಡೆದಿರುವುದನ್ನು ಆ ವಾಕ್ಯ ಮುಚ್ಚಲಾರದು. ಗ್ರಾಹಕರ ಸಂರಕ್ಷಣಾ ಕಾಯಿದೆ, 2019ರ ಕಲಂ 2(11)ರ ಅರ್ಥದಲ್ಲಿ ಇದು ಸೇವಾ ನ್ಯೂನತೆ. ಈ ಕೆಲಸವನ್ನು ನಾನು ಯಾವ ವ್ಯಾಪಾರಕ್ಕಾಗಿಯೂ ಮಾಡಿಸಿಲ್ಲ, ಸ್ವಂತ ಬಳಕೆಗಷ್ಟೇ ಮಾಡಿಸಿದ್ದೇನೆ.

ನಷ್ಟದ ಲೆಕ್ಕವನ್ನು ಉಬ್ಬಿಸದೆ ಹೇಳುತ್ತೇನೆ. ಬೋರಿಂಗ್, ಗ್ರೈಂಡಿಂಗ್, ಹೆಡ್ ಕೆಲಸಕ್ಕೆ ಕೊಟ್ಟ ಹಣವನ್ನು ನಾನು ಹಿಂದಕ್ಕೆ ಕೇಳುತ್ತಿಲ್ಲ. ಮಾಡದ ಶುಚಿ ಕೆಲಸದ 2,200 ರೂಪಾಯಿ, ಹಾಳಾದ ಮೇನ್ ಮತ್ತು ಬಿಗ್ ಎಂಡ್ ಬೇರಿಂಗ್ ಸೆಟ್‌ಗಳು, ಮತ್ತೆ ಕೊಳ್ಳಬೇಕಾದ ಗ್ಯಾಸ್ಕೆಟ್ ಸೆಟ್ ಮತ್ತು ಹೆಡ್ ಬೋಲ್ಟ್‌ಗಳು, ಆಯಿಲ್, ಫಿಲ್ಟರ್ ಮತ್ತು ಕೂಲೆಂಟ್‌ಗೆ 17,450 ರೂಪಾಯಿ, ಕ್ರ್ಯಾಂಕನ್ನು 0.50 ಅಂಡರ್‌ಸೈಜ್‌ಗೆ ಮತ್ತೆ ಗ್ರೈಂಡ್ ಮಾಡಿಸಿ, ಗ್ಯಾಲರಿಗಳನ್ನು ಸರಿಯಾಗಿ ತೊಳೆಸಿ, ಕ್ಯಾಮ್ ಜರ್ನಲ್‌ಗಳಿಗೆ ಪಾಲಿಶ್ ಮಾಡಿಸಲು ಬೇರೊಂದು ಕಾರ್ಖಾನೆ ಲಿಖಿತವಾಗಿ ಹೇಳಿರುವ 8,600 ರೂಪಾಯಿ. ಒಟ್ಟು 28,250 ರೂಪಾಯಿ. ಇದೇ ಕೆಲಸವನ್ನು ಉಚಿತವಾಗಿ ಮತ್ತೊಮ್ಮೆ ಮಾಡಿಕೊಡುತ್ತೇವೆ ಎಂದು ನೀವು ಮುಂದೆ ಬಂದರೂ ಕ್ರ್ಯಾಂಕ್ ಮತ್ತು ಬ್ಲಾಕನ್ನು ಮತ್ತೆ ನಿಮ್ಮ ಕಾರ್ಖಾನೆಗೆ ಕೊಡಲು ನಾನು ಸಿದ್ಧನಿಲ್ಲ. 0.50ಕ್ಕೆ ಇಳಿಸಿದ ಮೇಲೆ ಮತ್ತೊಂದು ತಪ್ಪನ್ನು ತಾಳಿಕೊಳ್ಳುವಷ್ಟು ಲೋಹ ಆ ಕ್ರ್ಯಾಂಕ್‌ನಲ್ಲಿ ಉಳಿಯುವುದಿಲ್ಲ.

ಈ ಪತ್ರ ತಲುಪಿದ 15 ದಿನಗಳೊಳಗೆ ಮೇಲಿನ ಮೊತ್ತವನ್ನು ನನ್ನ ಬ್ಯಾಂಕ್ ಖಾತೆಗೆ ಜಮಾ ಮಾಡಬೇಕೆಂದು ಕೋರುತ್ತೇನೆ. ಒಪ್ಪದಿದ್ದಲ್ಲಿ ಕಾರಣಗಳನ್ನು ನಿಮ್ಮ ಸಹಿಯೊಂದಿಗೆ ಲಿಖಿತವಾಗಿ ತಿಳಿಸಬೇಕು. ಅಲ್ಲಿಯವರೆಗೆ ಕ್ರ್ಯಾಂಕ್, ಬೇರಿಂಗ್‌ಗಳು, ಕತ್ತರಿಸಿ ತೆರೆದ ಆಯಿಲ್ ಫಿಲ್ಟರ್, ಪ್ಲಗ್ ಮತ್ತು ಗಸಿಯ ಮಾದರಿಗಳನ್ನು ಈಗಿರುವ ಸ್ಥಿತಿಯಲ್ಲಿಯೇ ಇಟ್ಟುಕೊಂಡಿರುತ್ತೇನೆ. ಹಿಂದಿನ ದಿನ ತಿಳಿಸಿದರೆ ನಿಮ್ಮ ಫೋರ್‌ಮನ್ ಯಾವುದೇ ಭಾನುವಾರ ಬಂದು, ತಮ್ಮದೇ ಮೈಕ್ರೊಮೀಟರ್ ತಂದು ಅಳೆದು ನೋಡಬಹುದು. ಗಡುವಿನೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ನಂತರ ನಾನು ವಾಸವಿರುವ ಜಿಲ್ಲೆಯ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದ ಮುಂದೆ ಹೋಗುತ್ತೇನೆ, ಗಸಿಯ ಮಾದರಿಯನ್ನು ಪ್ರಯೋಗಾಲಯದ ಪರೀಕ್ಷೆಗೆ ಕಳುಹಿಸುವಂತೆಯೂ ಅಲ್ಲಿ ಕೋರುತ್ತೇನೆ.

ಬಿಲ್‌ನ ಪ್ರತಿ, ಹಣ ಪಾವತಿಯ ರಸೀದಿ, ಅಳತೆಗಳ ಮತ್ತು ಬೇರಿಂಗ್‌ಗಳ ಫೋಟೊಗಳು ಹಾಗೂ ಬೇರೆ ಕಾರ್ಖಾನೆಯ ದರಪಟ್ಟಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸುತ್ತಿದ್ದು, ಒಂದು ಪ್ರತಿಯನ್ನು ನಿಮ್ಮ ಕಚೇರಿಯ ಇ-ಮೇಲ್‌ಗೂ ಕಳುಹಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಬೆಂಗಳೂರು