ಎಚ್ಚರಿಕೆ ಬೋರ್ಡಿನ ನಂಬರ್ ಯಾರದು?

ಮಾನ್ಯರೇ,

ಕೆಆರ್‌ಎಸ್ ಅಣೆಕಟ್ಟು ತುಂಬಿ 124.80 ಅಡಿ ಮುಟ್ಟಿದರೆ ಮಂಡ್ಯದವರಿಗೆ ಹಬ್ಬ. ಆದರೆ ಗೇಟ್ ತೆರೆದ ರಾತ್ರಿ ಶ್ರೀರಂಗಪಟ್ಟಣದ ಹೊಳೆದಂಡೆಯವರನ್ನು ಎಬ್ಬಿಸುವವರು ಯಾರು? ಕಳೆದ ಮಳೆಗಾಲದಲ್ಲಿ ನಮ್ಮೂರ ಹೊಳೆ ಹತ್ತಿರದ ಎಚ್ಚರಿಕೆ ಬೋರ್ಡ್ ನೋಡಿ ಸುಮ್ನೆ ಕರೆ ಮಾಡಿದೆ. ಎತ್ತಿದವರು ನಿವೃತ್ತರಾಗಿ ಎರಡು ವರ್ಷವಾಗಿತ್ತಂತೆ! ಪಾಪ, ಅವರೇ ಬೇಜಾರು ಮಾಡಿಕೊಂಡರು.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಪ್ರಕಾರ ದೊಡ್ಡ ಅಣೆಕಟ್ಟುಗಳಿಗೆ ತುರ್ತು ಕ್ರಿಯಾ ಯೋಜನೆ ಇರಬೇಕು, ಕಾಲಕಾಲಕ್ಕೆ ಅದನ್ನು ತಿದ್ದಲೂ ಬೇಕು. 2024ರ ಆಗಸ್ಟ್‌ನಲ್ಲಿ ತುಂಗಭದ್ರೆಯ 19ನೇ ಗೇಟಿನ ಚೈನ್ ತುಂಡಾಗಿದ್ದೂ ರಾತ್ರಿಯೇ ಅಲ್ವಾ?

ಕೆಆರ್‌ಎಸ್‌ನಿಂದ ಶಿವನಸಮುದ್ರದವರೆಗೆ ದಂಡೆಯ ಊರುಗಳ ಫೋನ್ ಪಟ್ಟಿಯನ್ನು ಪ್ರತಿ ಮೇ ತಿಂಗಳಲ್ಲಿ ಸರಿಪಡಿಸಲಿ. ಒಮ್ಮೆ ಸೈರನ್ ಊದಿಯೂ ನೋಡಲಿ, ಹಗಲಲ್ಲಲ್ಲ, ರಾತ್ರಿ.

– ಓದುಗ, ಶ್ರೀರಂಗಪಟ್ಟಣ ತಾಲ್ಲೂಕು